ಅಳತೆ ಪುಸ್ತಕದಲ್ಲಿ ಬೆಕ್ಕು

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುವಾಗ ಬಿಟ್ಟರೆ ಉಳಿದ ಹೊತ್ತೆಲ್ಲ ಮಾಸ್ಟ್ರ ಬಾಯಿಗೆ ಬಿಡುವಿಲ್ಲ. ಮೂವತ್ತೊಂದು ವರ್ಷದಿಂದ ಒಂದೇ ಬೀದಿಯ ಒಂದೇ ಅಂಗಡಿಯಲ್ಲಿ ಕೋಟು, ಪ್ಯಾಂಟು ಹೊಲಿಯುತ್ತ ಬಂದಿರುವ ಈ ದರ್ಜಿಗೆ ತಾನು ಬರೀ ದರ್ಜಿಯಲ್ಲ ಎಂಬ ಬಲವಾದ ಗುಮಾನಿಯಿದೆ. "ನಾನು ಬಟ್ಟೆ ಹೊಲಿಯಲ್ಲ ಸ್ವಾಮಿ, ಮನುಷ್ಯರನ್ನ ಓದ್ತೀನಿ" ಎನ್ನುತ್ತ ಟೇಪನ್ನು ಕೊರಳಿನ ಎರಡೂ ಬದಿಗೆ ಸರಿಸಮ ಇಳಿಬಿಟ್ಟುಕೊಳ್ಳುತ್ತಾರೆ, ದೊಡ್ಡ ಡಾಕ್ಟರು ಸ್ಟೆತಸ್ಕೋಪು ಹಾಕಿಕೊಳ್ಳುವ ಠೀವಿಯಲ್ಲಿ.

ಹೊಲಿಸಿದ ಪ್ಯಾಂಟು ಕುಗ್ಗಿಹೋಯಿತೆಂದು ಜಗಳಕ್ಕೆ ಬರುವ ಗಿರಾಕಿಗೆ ಅವರು ಎದುರಾಡುವುದಿಲ್ಲ. ದಪ್ಪನೆಯ ಅಳತೆ ಪುಸ್ತಕ ತೆಗೆದು ಹಳೆಯ ಪುಟ ತೋರಿಸುತ್ತಾರೆ. ಹೊಸದಾಗಿ ಸೊಂಟ ಅಳೆದು ಪಕ್ಕದಲ್ಲಿ ಬರೆಯುತ್ತಾರೆ. ಗಿರಾಕಿ ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ. ಅಲ್ಲಿಗೆ ಜಗಳ ಮುಗಿಯಿತು. ಮಾಸ್ಟ್ರು ಸೋಲುವುದು ಒಂದೇ ವಿಷಯದಲ್ಲಿ, ತಾರೀಖಿನಲ್ಲಿ. "ನಾಳೆ ಬನ್ನಿ, ರೆಡಿ ಇರುತ್ತೆ" ಎಂಬ ಅವರ ಮಾತು ನಂಬಿ ತಿಂಗಳುಗಟ್ಟಲೆ ಓಡಾಡಿದವರು ಆ ಬೀದಿಯಲ್ಲಿ ಮನೆಗೊಬ್ಬರು ಸಿಗುತ್ತಾರೆ.

ಅಂಗಡಿಯಿಂದ ಎರಡು ಬೀದಿ ಆಚೆಯ ಮನೆಯಲ್ಲಿ ಮಾತ್ರ ಅವರನ್ನು ಮಾಸ್ಟ್ರೇ ಎನ್ನುವವರಿಲ್ಲ. ಅಲ್ಲಿ ಅಕ್ಕ ಇದ್ದಾರೆ. ತಮ್ಮನಿಗಿಂತ ಹದಿನಾಲ್ಕು ವರ್ಷ ದೊಡ್ಡವರು, ಅವನ ಮೂಗು ಒರೆಸಿ ಬೆಳೆಸಿದವರು, ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದು ನಿವೃತ್ತರಾದವರು. ಇಬ್ಬರೂ ಮದುವೆಯ ಗೋಜಿಗೆ ಹೋಗಲಿಲ್ಲ. ಅಕ್ಕನ ಸೀಟಿ ಈಗಲೂ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತದೆ. ಅದನ್ನು ಕಂಡು ಉಕ್ಕುವ ಹಾಲೂ ಹೆದರಿ ಕೆಳಗಿಳಿಯುತ್ತದೆಂದು ತಮ್ಮನ ಅಂಬೋಣ. ಮನೆಯಲ್ಲಿ ಮೂರನೆಯದು ಬೆಕ್ಕು. ಬೂದು ಬಣ್ಣ, ಬಿಳಿ ಮೀಸೆ. ದಿನಕ್ಕೆ ಹತ್ತು ಸಲ ಹಿತ್ತಿಲಿಗೆ ಹೋಗಿ, ಹತ್ತು ಸಲ ಬಂದು, ಬಂದಾಗಲೆಲ್ಲ ಕೋಣೆ ಕೋಣೆ ತಪಾಸಣೆ ಮಾಡುವುದರಿಂದ ಅಕ್ಕ ಅದಕ್ಕೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಬಹುವಚನವೂ ತಾನಾಗಿ ಬಂತು.

ಆ ಹತ್ತು ಸಲದಲ್ಲಿ ಒಂದು ಸಲ ಅನಾಹುತವಾಯಿತು. ನೆಲ ಒರೆಸಿ ಇನ್ನೂ ಒಣಗಿರಲಿಲ್ಲ. ಇನ್ಸ್‌ಪೆಕ್ಟರ್ ಹಿತ್ತಿಲ ಬಾಗಿಲಾಚೆ ನಿಂತು ಕೂಗಿದರು. ಅಕ್ಕ ಅವಸರದಲ್ಲಿ ಹೋಗಿ ಜಾರಿಬಿದ್ದರು. ಮಾಸ್ಟ್ರು ಒಂದು ಗಂಟೆಗೆ ಊಟಕ್ಕೆ ಬಂದಾಗ ಅಕ್ಕ ಅಂಗಾತ ಮಲಗಿದ್ದರು.

"ಎಷ್ಟು ಹೊತ್ತಾಯ್ತಕ್ಕಾ?" ಮಾಸ್ಟ್ರು ಪಕ್ಕದಲ್ಲೇ ಮಂಡಿಯೂರಿದರು.

"ಹನ್ನೊಂದಕ್ಕೆ ಬಿದ್ದೆ. ಅಲ್ಲಿ ಸೀಲಿಂಗ್ ಬಿರುಕು ಬಿಟ್ಟಿದೆ ಕಣೋ. ಎರಡು ಗಂಟೆ ಹೊತ್ತಿಂದ ಅದನ್ನೇ ನೋಡ್ತಾ ಮಲಗಿದೀನಿ. ಯಾರನ್ನಾದ್ರೂ ಕರೆಸಿ ರಿಪೇರಿ ಮಾಡ್ಸು."

ಬಿರುಕು ಬಿಟ್ಟದ್ದು ಅಕ್ಕನ ಕಾಲಿನ ಮೂಳೆ ಕೂಡ. ಆರು ವಾರ ಪ್ಲಾಸ್ಟರು. ಬಿಚ್ಚುವ ದಿನ ಡಾಕ್ಟರು ಮಾಸ್ಟ್ರನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಬಿದ್ರೆ ಮತ್ತೆ ಎದ್ದು ಓಡಾಡ್ತಾರೆ ಅಂತ ನಾನು ಹೇಳೋಕಾಗಲ್ಲ" ಎಂದರು. ವ್ಯಾಯಾಮ ಹೇಳಿಕೊಡುವ ಹುಡುಗಿ ಚಿತ್ರವಿದ್ದ ಒಂದು ಹಾಳೆ ಕೊಟ್ಟಳು. ಅಕ್ಕ ಅದನ್ನು ಮೇಲಿಂದ ಕೆಳಗೆ ನೋಡಿ, "ಊರಿನ ಮಕ್ಕಳ ಕೈಕಾಲೆಲ್ಲ ಎತ್ತಿಸಿದವಳಿಗೆ ಇವಳು ಡ್ರಿಲ್ ಕಲಿಸ್ತಾಳಂತೆ" ಎಂದು ಮನೆಗೆ ತಂದು ಎಣ್ಣೆ ಡಬ್ಬಿಯ ಕೆಳಗೆ ಹಾಸಿದರು.

ಅಂದಿನಿಂದ ಮಾಸ್ಟ್ರ ಎದೆಯೊಳಗೆ ಒಂದು ಹೊಲಿಗೆ ಮಿಷನ್ನು ಬಿಡದೆ ಓಡತೊಡಗಿತು. ಅಂಗಡಿಯಲ್ಲಿ ಕೂತಿದ್ದರೂ ಕಣ್ಣ ಮುಂದೆ ಹಿತ್ತಿಲ ಬಾಗಿಲೇ. ಹನ್ನೊಂದಕ್ಕೊಂದು, ಮೂರಕ್ಕೊಂದು ಫೋನು ಮಾಡುತ್ತಿದ್ದರು. ಮಾಡಿ ರಿಂಗು ಎಣಿಸುತ್ತಿದ್ದರು. ಆರನೇ ರಿಂಗಿಗೆ ಎತ್ತಿದರೆ ಉಸಿರು ಬರುತ್ತಿತ್ತು. ಎಂಟಾದರೆ ಕತ್ತರಿ ಕೆಳಗಿಡುತ್ತಿದ್ದರು. ಒಂದು ದಿನ ರಿಂಗು ಹನ್ನೆರಡು ದಾಟಿದ್ದೇ ತಡ, ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಓಡಿದರು. ಅಕ್ಕ ಬಾಗಿಲಲ್ಲಿ ನಿಂತಿದ್ದರು.

"ಇನ್ಸ್‌ಪೆಕ್ಟರಿಗೆ ಬಾಗಿಲು ತೆಗೀತಿದ್ದೆ. ಏನೋ ಹಿಂಗೆ ಏದುಸಿರು ಬಿಡ್ತಾ ಬಂದಿದೀಯ? ಕೈಯಲ್ಲಿರೋದು ಯಾರ ತೋಳೋ?"

ಯಾರದೋ ಕೋಟಿನ ಎಡತೋಳು ಮಾಸ್ಟ್ರ ಮುಷ್ಟಿಯಲ್ಲೇ ಇತ್ತು. ಅವತ್ತೇ ತೀರ್ಮಾನವಾಯಿತು: ಹಿತ್ತಿಲ ಬಾಗಿಲಿಗೆ ಬೆಕ್ಕಿನ ಕಿಂಡಿ ಇಡಿಸಬೇಕು. ಇನ್ಸ್‌ಪೆಕ್ಟರ್ ತಾವಾಗಿ ಹೋಗಿ ತಾವಾಗಿ ಬರಬೇಕು. ಅಕ್ಕ ಕುರ್ಚಿ ಬಿಟ್ಟು ಏಳಕೂಡದು.

ಬಡಗಿ ಬಂದು ಬಾಗಿಲಿನ ಕೆಳಭಾಗವನ್ನು ಬೆರಳಿನಿಂದ ಕುಟ್ಟಿ ನೋಡಿ, "ಒಂದಡಿಗೆ ಒಂದಡಿ ತೂತು ಹೊಡೆದುಬಿಡ್ತೀನಿ ಮಾಸ್ಟ್ರೇ. ಬೆಕ್ಕು ತಾನೆ?" ಎಂದ.

ಮಾಸ್ಟ್ರಿಗೆ ಮೈಯೆಲ್ಲ ಉರಿಯಿತು. "ನಿನಗೂ ನಿಮ್ಮನೆ ಎಮ್ಮೆಗೂ ಒಂದೇ ಸೈಜಲ್ಲಿ ಶರ್ಟು ಹೊಲಿದುಕೊಟ್ರೆ ಹಾಕ್ಕೋತೀಯೇನಯ್ಯ?"

"ನಮ್ಮನೇಲಿ ಎಮ್ಮೆ ಇಲ್ಲ."

"ಮಾತಿಗೆ ಹೇಳಿದೆ. ಅಳತೆ ತೆಗೀದೆ ನನ್ನ ಮನೇಲಿ ಏನನ್ನೂ ಕೊಯ್ಯೋಕೆ ಬಿಡಲ್ಲ."

ಅಳತೆ ತೆಗೆಯಲು ಮುಕ್ಕಾಲು ಗಂಟೆ, ಎರಡು ಟವೆಲು, ಒಂದು ಮೀನು ಹಿಡಿದವು. ಮಾಸ್ಟ್ರ ಮುಂಗೈ ಮೇಲೆ ನಾಲ್ಕು ಗೀರು ಬಿದ್ದವು. ಅಕ್ಕ ಕುರ್ಚಿಯಿಂದಲೇ, "ಉಸಿರು ಬಿಟ್ಟಾಗ ಅಳೀಬೇಡ, ಎಳ್ಕೊಂಡಾಗ ಅಳಿ" ಎಂದು ಆಜ್ಞೆ ಕೊಡುತ್ತಿದ್ದರು. ಅಳತೆ ಪುಸ್ತಕದ ಕೊನೆಯ ಪುಟದಲ್ಲಿ, ಹಲ್ಲಿನ ಡಾಕ್ಟರೊಬ್ಬರ ಅಳತೆಯ ಕೆಳಗೆ, ಮಾಸ್ಟ್ರು ಶುದ್ಧ ಅಕ್ಷರದಲ್ಲಿ ಬರೆದರು: ಇನ್ಸ್‌ಪೆಕ್ಟರ್. ಎದೆ ಹದಿನಾಲ್ಕು. ಭುಜ ಐದೂವರೆ. ಎತ್ತರ ಹತ್ತು. ಬಾಲ ಹನ್ನೊಂದು. ಬಾಲ ಯಾಕೆಂದು ಬಡಗಿ ಕೇಳಿದ್ದಕ್ಕೆ, "ಗಿರಾಕಿ ಅಂದ್ಮೇಲೆ ಪೂರ್ತಿ ಬರೀಬೇಕು" ಎಂದರು. ಕಂದು ಕಾಗದದಲ್ಲಿ ನಮೂನೆ ಕತ್ತರಿಸಿ, ಬಾಗಿಲಿಗೆ ಪಿನ್ನು ಚುಚ್ಚಿ, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದುಕೊಟ್ಟರು. ಭುಜಕ್ಕಿಂತ ಒಂದಿಂಚು ಸಡಿಲ ಬಿಟ್ಟು ಅಗಲ ಆರೂವರೆ. ಬಡಗಿ ಗೆರೆ ಹಿಡಿದು ಕೊಯ್ದು, ಚೌಕಟ್ಟು ಕೂರಿಸಿ, ಒಳಗೂ ಹೊರಗೂ ತೂಗುವ ಪ್ಲಾಸ್ಟಿಕ್ ಮುಚ್ಚಳ ತಗುಲಿಸಿದ. ಪುಸ್ತಕ ಅಲ್ಲಿಗೆ ಮುಗಿದಿದ್ದರಿಂದ ಹಳೆಯ ಪುಸ್ತಕಗಳ ಜೊತೆ ಮನೆಯ ಕಪಾಟು ಸೇರಿತು.

ಎರಡು ದಿನ ಇನ್ಸ್‌ಪೆಕ್ಟರ್ ಕಿಂಡಿಯ ಮುಂದೆ ಕೂತು ಅದರ ಕಾಗದಪತ್ರ ಸರಿಯಿಲ್ಲವೆಂಬಂತೆ ದಿಟ್ಟಿಸಿದರು. ಮೂರನೆಯ ದಿನ ಆಚೆ ಹೋದರು. ಐದು ನಿಮಿಷಕ್ಕೆ ಈಚೆ ಬಂದರು. ಭುಜ ಎಲ್ಲೂ ತಗುಲಲಿಲ್ಲ. "ಹೆಂಗಿದೆ ಫಿಟಿಂಗು?" ಎಂದು ಮಾಸ್ಟ್ರು ವಾರವಿಡೀ ಗಿರಾಕಿಗಳಿಗೆಲ್ಲ ವರ್ಣಿಸಿದ್ದೇ ವರ್ಣಿಸಿದ್ದು. ಎಲ್ಲಕ್ಕಿಂತ ಹೆಚ್ಚಿನ ಸಮಾಧಾನ ಫೋನಿನದು. ಹನ್ನೊಂದಕ್ಕೂ ಮೂರಕ್ಕೂ ಅಕ್ಕ ಈಗ ಎರಡನೇ ರಿಂಗಿಗೇ ಎತ್ತುತ್ತಿದ್ದರು. ಎದೆಯೊಳಗಿನ ಮಿಷನ್ನು ನಿಂತಿತು.

ಹೀಗೆ ಆರು ವಾರ ಕಳೆಯಿತು. ಚಳಿ ಶುರುವಾಗುವ ಮುಂಚೆ ಅಕ್ಕನಿಗೊಂದು ಉದ್ದನೆಯ ಕೋಟು ಹೊಲಿಯುವುದು ಮಾಸ್ಟ್ರ ರೂಢಿ. ಒಂದು ಭಾನುವಾರ ಟೇಪು ಹಿಡಿದು, "ಎದ್ದು ನಿಲ್ಲಕ್ಕ" ಎಂದರು.

ಅಕ್ಕ ಕುರ್ಚಿಯ ಕೈ ಹಿಡಿದು ಎದ್ದರು; ಅರ್ಧಕ್ಕೆ ಮತ್ತೆ ಕೂತರು. ಎರಡನೇ ಸಲ ಎದ್ದು ತಮ್ಮನ ಭುಜ ಹಿಡಿದು ನಿಂತರು. ಮಾಸ್ಟ್ರು ಬೆನ್ನಿನುದ್ದ ಟೇಪು ಇಳಿಬಿಟ್ಟರು. ಕಳೆದ ವರ್ಷ ನಲವತ್ತೆರಡಿದ್ದದ್ದು ನಲವತ್ತೊಂದೂಕಾಲು. ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಕೆಳಗೆ. ಟೇಪು ತಿರುಚಿದೆಯೇನೋ ಎಂದು ಬಿಡಿಸಿ ಮತ್ತೆ ಅಳೆದರು. ಮೂರನೇ ಸಲ ಅಳೆಯುವಾಗ ಅಕ್ಕನ ಮೊಣಕಾಲು ಸಣ್ಣಗೆ ನಡುಗುತ್ತಿದ್ದುದು ಕಂಡಿತು.

"ಏನೋ, ನಾನೇನು ಬಟ್ಟೆ ಅಂಗಡಿ ಬೊಂಬೇನಾ? ಎಷ್ಟು ಹೊತ್ತು ನಿಲ್ಲಿಸ್ತೀಯ?"

"ಆಯ್ತಕ್ಕ, ಕೂತ್ಕೋ."

ಊರನ್ನೆಲ್ಲ ಓದುವ ಮಾಸ್ಟ್ರು ಆ ರಾತ್ರಿ ನಿದ್ದೆ ಮಾಡಲಿಲ್ಲ. ಎರಡನೇ ರಿಂಗಿಗೆ ಫೋನು ಎತ್ತುತ್ತಿದ್ದ ಅಕ್ಕ ಆರು ವಾರದಿಂದ ಫೋನಿನ ಪಕ್ಕ ಬಿಟ್ಟು ಕದಲಿರಲಿಲ್ಲ. ಮೊದಲು ಬೆಕ್ಕಿಗಾಗಿ ದಿನಕ್ಕೆ ಇಪ್ಪತ್ತು ಸಲ ಏಳುತ್ತಿದ್ದರು. ಈಗ ಏಳಲು ಕಾರಣವೇ ಇಲ್ಲ. ಕಾರಣವನ್ನು ಅಳತೆ ತೆಗೆದು, ಗೆರೆ ಎಳೆದು, ತಾವೇ ಕೊಯ್ದು ತೆಗೆದಿದ್ದರು.

ಮರುದಿನ ಸಂಜೆ ಮೆತ್ತಗೆ ಪ್ರಯತ್ನಪಟ್ಟರು. "ಒಂದಿನ ಅಂಗಡಿ ತನಕ ಬಾರಕ್ಕ, ಕಾಲಿಗೆ ಒಳ್ಳೇದು."

"ಯಾಕೆ, ಅಲ್ಲೇನಿದೆ ನೋಡೋಕೆ? ನಿನ್ನ ಮುಖಾನಾ? ಅದು ಮನೇಲೇ ಸಿಗುತ್ತಲ್ಲ."

ಹೇಳಿ ಮಾಡಿಸುವ ಗಿರಾಕಿ ಇದಲ್ಲ ಎಂದು ಮಾಸ್ಟ್ರಿಗೆ ಖಾತ್ರಿಯಾಯಿತು. ಇನ್ನು ಉಳಿದದ್ದು ತಮಗೆ ಗೊತ್ತಿದ್ದ ಒಂದೇ ದಾರಿ: ಆಲ್ಟ್ರೇಷನ್. ಅಕ್ಕ ಸ್ನಾನಕ್ಕೆ ಹೋದಾಗ ಕಿಂಡಿಯ ಮುಚ್ಚಳ ಬಿಚ್ಚಿ, ಎರಡೂ ಬದಿಯ ಅಂಚು ಕತ್ತರಿಸಿ, ಚೌಕಟ್ಟಿನ ಒಳಗೆ ಕಪ್ಪು ರಬ್ಬರು ಪಟ್ಟಿ ಅಂಟಿಸಿದರು. ಅರ್ಧ ಇಂಚು ಹಿಡಿದಂತಾಯಿತು. ಎರಡು ದಿನ ಬಿಟ್ಟು ಇನ್ನರ್ಧ. ವಾರದೊಳಗೆ ಆರೂವರೆ ಇದ್ದದ್ದು ನಾಲ್ಕೂವರೆಗೆ ಬಂತು. ಒತ್ತಿಕೊಂಡು ನುಗ್ಗಿದ್ದರೆ ಇನ್ಸ್‌ಪೆಕ್ಟರ್ ನುಗ್ಗಬಹುದಿತ್ತು. ಆದರೆ ಮೀಸೆ ತಗುಲುವ ಕಡೆ ಕಾಲಿಡುವುದು ಅವರ ಹುದ್ದೆಗೆ ಶೋಭೆಯಲ್ಲ. ಹಿಂದೆ ಸರಿದು ಕೂತು ಕೂಗಿದರು.

ಅಕ್ಕ ಎದ್ದರು.

ಮಾಸ್ಟ್ರ ಎದೆಯ ಮಿಷನ್ನು ಮತ್ತೆ ಶುರುವಾಯಿತು. ಈ ಸಲ ದುಪ್ಪಟ್ಟು ವೇಗದಲ್ಲಿ. ಹಿಂದೆ ಅಕ್ಕ ಬಿದ್ದದ್ದು ಒದ್ದೆ ನೆಲದ ತಪ್ಪು. ಈಗ ಬಿದ್ದರೆ ತಳ್ಳಿದ್ದು ತಾನೇ. ಬಾಗಿಲ ಬಳಿ ಜಾರದ ಚಾಪೆ ಹಾಸಿದರು. ಗೋಡೆಗೆ ಕಬ್ಬಿಣದ ಸರಳು ಹೊಡೆಸಿ, "ಟವೆಲು ಒಣಹಾಕೋಕೆ" ಎಂದರು. ನೆಲ ತಾವೇ ಬೆಳಿಗ್ಗೆ ಒರೆಸಿ ಅಂಗೈ ಇಟ್ಟು ನೋಡತೊಡಗಿದರು. ಫೋನು ಒಂಬತ್ತನೇ ರಿಂಗಿಗೆ ಹೋದರೆ ಎದ್ದಿದ್ದಾರೆಂದು ಹಿಗ್ಗಬೇಕೋ, ಬಿದ್ದಿದ್ದಾರೆಂದು ಓಡಬೇಕೋ ತಿಳಿಯದೆ ಒಬ್ಬರ ಕಾಲರನ್ನು ಇನ್ನೊಬ್ಬರ ಶರ್ಟಿಗೆ ಹೊಲಿದರು.

"ಇನ್ಸ್‌ಪೆಕ್ಟರ್ ಈಗ ಕಿಂಡೀಲಿ ಹೋಗ್ತಾನೇ ಇಲ್ವಲ್ಲೋ" ಎಂದರು ಅಕ್ಕ.

"ದಪ್ಪ ಆಗಿದಾರೆ."

"ಇಷ್ಟು ಬೇಗಾನಾ?"

"ಎಲ್ಲ ಗಿರಾಕಿಗಳದ್ದೂ ಇದೇ ಕತೆ ಅಕ್ಕ. ಬಟ್ಟೆ ಕುಗ್ತು ಅಂತಾರೆ. ಬಟ್ಟೆ ಯಾಕೆ ಕುಗ್ಗುತ್ತೆ?" ಹೀಗೆನ್ನುವಾಗ ಮಾಸ್ಟ್ರು ಅಕ್ಕನ ಕಣ್ಣು ತಪ್ಪಿಸಿ ಸೀಲಿಂಗಿನ ಬಿರುಕು ನೋಡಿದರು.

ಅಕ್ಕ ಬೆಕ್ಕಿನ ತಟ್ಟೆಯ ಕಡೆ ನೋಡಿದರು. ಮರುದಿನದಿಂದ ಇನ್ಸ್‌ಪೆಕ್ಟರರ ಊಟ ಅರ್ಧಕ್ಕಿಳಿಯಿತು. ಮನೆಯಲ್ಲಿ ದೊಡ್ಡ ದೂರು ಎದ್ದಿತು. ತಪಾಸಣೆಗಳು ಎಲ್ಲ ಪಾತ್ರೆಗಳಿಗೂ ವಿಸ್ತರಿಸಿದವು.

ಹತ್ತನೆಯ ದಿನ ಹನ್ನೊಂದಕ್ಕೆ ಮಾಸ್ಟ್ರು ಫೋನು ಮಾಡಿದರು. ವಕೀಲರೊಬ್ಬರು ಹೊಸ ಕೋಟಿನ ಟ್ರಯಲ್ಲಿಗೆಂದು ಮಣೆಯ ಮೇಲೆ ಎರಡೂ ಕೈ ಅಗಲಿಸಿ ನಿಂತಿದ್ದರು. ಮಾಸ್ಟ್ರ ಬಾಯಲ್ಲಿ ಹತ್ತು ಹನ್ನೆರಡು ಪಿನ್ನು, ಕಿವಿಗೂ ಭುಜಕ್ಕೂ ನಡುವೆ ಫೋನು. ಒಂಬತ್ತು ರಿಂಗು. ಹದಿನಾಲ್ಕು. ಇಪ್ಪತ್ತು. ಕಡಿದುಹೋಯಿತು. ಮತ್ತೆ ಮಾಡಿದರು. ಹತ್ತು, ಹದಿನೆಂಟು. ಚಾಪೆಯ ಮೂಲೆ ಮಡಿಚಿತ್ತೇ? ಸರಳಿನ ತಿರುಪು ಭದ್ರವಾಗಿತ್ತೇ? ಇಪ್ಪತ್ತನಾಲ್ಕನೇ ರಿಂಗಿಗೆ ಅವರಿಗೆ ಕಂಡದ್ದು ಸೀಲಿಂಗು, ಅದರ ಬಿರುಕು, ಅದನ್ನು ನೋಡುತ್ತ ಮಲಗಿದ ಅಕ್ಕ. ಫೋನು ಅಲ್ಲೇ ಬಿಟ್ಟು ಬಾಗಿಲಿಗೆ ಧಾವಿಸಿದರು.

ಆಗ ಬೀದಿಯ ತಿರುವಿನಲ್ಲಿ ಸೀಟಿ ಕೇಳಿತು. ಉದ್ದನೆಯ, ಕಿವಿ ಸೀಳುವ ಸೀಟಿ. ಎರಡು ಕಾರು, ಒಂದು ಬಸ್ಸು, ಸೈಕಲ್ಲುಗಳೆಲ್ಲ ಗಕ್ಕನೆ ನಿಂತವು. ಅವುಗಳ ಮುಂದೆ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕಂಕುಳಲ್ಲಿ ಅಳತೆ ಪುಸ್ತಕ, ಬಾಯಲ್ಲಿ ಸೀಟಿ, ಅಕ್ಕ ರಸ್ತೆ ದಾಟುತ್ತಿದ್ದರು.

ಕೂಗಲು ಬಾಯ್ತುಂಬ ಪಿನ್ನು. ಮಾಸ್ಟ್ರು ಹೊಸ್ತಿಲಲ್ಲಿ ಕಂಬದಂತೆ ನಿಂತು ಹೆಜ್ಜೆ ಎಣಿಸಿದರು. ಫುಟ್‌ಪಾತಿನ ಅಂಚಿಗೆ ಅಕ್ಕ ಕಾಲೆತ್ತಿದಾಗ ಕಣ್ಣು ಮುಚ್ಚಿಕೊಂಡರು. ತೆಗೆದಾಗ ಅಕ್ಕ ಎದುರಿಗಿದ್ದರು. ತಮ್ಮನನ್ನು ಸರಿಸಿ ಒಳಗೆ ಬಂದು ಪುಸ್ತಕದ ಕೊನೆಯ ಪುಟ ಬಿಡಿಸಿ ವಕೀಲರ ಮುಂದೆ ಹಿಡಿದರು.

"ಸ್ವಲ್ಪ ಗಟ್ಟಿಯಾಗಿ ಓದಿ ವಕೀಲರೇ."

ವಕೀಲರು ಕೈ ಅಗಲಿಸಿಕೊಂಡೇ ಓದಿದರು. "ಇನ್ಸ್‌ಪೆಕ್ಟರ್. ಎದೆ ಹದಿನಾಲ್ಕು, ಭುಜ ಐದೂವರೆ. ಬಾಲ..." ಅಲ್ಲಿ ಒಮ್ಮೆ ತಡೆದು ಅಕ್ಕನ ಮುಖ ನೋಡಿ, "ಬಾಲ ಹನ್ನೊಂದು" ಎಂದು ಮುಗಿಸಿದರು.

"ಬೆಳಿಗ್ಗೆ ನಾನೇ ಅಳೆದೆ. ಎದೆ ಹದಿನಾಲ್ಕೇ. ಭುಜ ಐದೂವರೇನೇ. ಕಿಂಡಿ ಮಾತ್ರ ನಾಲ್ಕೂವರೆ. ಏನೋ, ಬಾಗಿಲು ಸೊರಗಿಹೋಯ್ತಾ? ಪಾಪ, ಉಪವಾಸ ಬಿದ್ದಿದ್ದು ಇನ್ಸ್‌ಪೆಕ್ಟರು!"

ಮಾಸ್ಟ್ರು ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದರು. ಎಂಟನೆಯ ಪಿನ್ನಿನ ಹೊತ್ತಿಗೆ ಅವರ ಕಣ್ಣು ತಾನಾಗಿ ಅಕ್ಕನ ಭುಜಕ್ಕೆ ಹೋಯಿತು. ಊರುಗೋಲು ಮಣಿಕಟ್ಟಿಗೆ ನೇತಾಡುತ್ತಿತ್ತು. ಅಕ್ಕ ಏನನ್ನೂ ಹಿಡಿದುಕೊಂಡಿರಲಿಲ್ಲ. ಸಿಟ್ಟಿಗೆ ಎರಡು ಭುಜವೂ ಒಂದೇ ಮಟ್ಟಕ್ಕೆ ಏರಿದ್ದವು.

"ಕೂತ್ಕೋ ಅಕ್ಕ. ಅಷ್ಟು ದೂರ ನಡೆದು ಬಂದಿದೀಯ."

"ಕೂತೂ ಕೂತೂ ಸಾಕಾಗಿದೆ. ಕಿಂಡಿ ಯಾವಾಗ ಸರಿ ಮಾಡಿಕೊಡ್ತೀಯ, ಅಷ್ಟು ಹೇಳು."

ಮಾಸ್ಟ್ರು ಹೊಸ ಅಳತೆ ಪುಸ್ತಕ ತೆಗೆದು ಬರೆದುಕೊಂಡರು. ಈ ಸಲ ಅಕ್ಷರ ಸೊಟ್ಟಗೆ ಬಂತು.

"ನಾಳೆ ಬಾ ಅಕ್ಕ. ರೆಡಿ ಇರುತ್ತೆ."

ವಕೀಲರು ಕೆಮ್ಮಿದರು. ಅವರ ಪ್ಯಾಂಟಿಗೂ ಇದೇ ನಾಳೆ ಹೇಳಿ ಮೂರು ತಿಂಗಳಾಗಿತ್ತು. ಅಕ್ಕ ಒಮ್ಮೆ ಅವರನ್ನು, ಒಮ್ಮೆ ತಮ್ಮನನ್ನು ನೋಡಿದರು. ತಮ್ಮನ ಮುಖದ ಮೇಲೆ ಆ ನೋಟ ತುಸು ಹೆಚ್ಚು ಹೊತ್ತೇ ನಿಂತಿತು.

"ಎಷ್ಟೊತ್ತಿಗೆ?"

"ಹನ್ನೊಂದಕ್ಕೆ."

"ಇಲ್ದಿದ್ರೆ ನಾಡಿದ್ದೂ ಬರ್ತೀನಿ. ಆಚೆ ನಾಡಿದ್ದೂ ಬರ್ತೀನಿ. ನನ್ನ ಹತ್ರ ನಿನ್ನ ಆಟ ನಡಿಯಲ್ಲ."

"ಹೂಂ ಅಕ್ಕ."

ಅಕ್ಕ ಹೊರಟರು. ವಕೀಲರು ತೋಳು ಇಳಿಸಲೇ ಎಂದು ಎರಡು ಸಲ ಕೇಳಿದ್ದು ಮಾಸ್ಟ್ರಿಗೆ ಕೇಳಿಸಲಿಲ್ಲ. ಅವರು ಉಸಿರು ಹಿಡಿದು ತಿರುವಿನ ಕಡೆಗೇ ಕಿವಿಯಿಟ್ಟಿದ್ದರು. ಸೀಟಿ ಕೇಳಿತು. ಬಸ್ಸಿನ ಬ್ರೇಕು ಕಿರುಗುಟ್ಟಿತು. ಸ್ವಲ್ಪ ಹೊತ್ತಿನ ಮೇಲೆ, ರಸ್ತೆಯ ಆಚೆ ಬದಿಯಿಂದ, ಸೀಟಿ ಇನ್ನೊಮ್ಮೆ ಚಿಕ್ಕದಾಗಿ ಕೇಳಿತು.

ಮಾಸ್ಟ್ರು ದಿಂಬಿನಿಂದ ಪಿನ್ನು ಕಿತ್ತು ಒಂದೊಂದಾಗಿ ಬಾಯಿಗಿಟ್ಟುಕೊಂಡರು.