ಕೂತಲ್ಲೇ ಗೈರ್‌ಹಾಜರ್

ಮೊನ್ನೆ ಮಸ್ಕಿಯಲ್ಲಿ ಬಳೆಗಾರ್ತಿ ಮಕ್ತುಂಬೀಯನ್ನು ಮಣ್ಣು ಮಾಡಿ ಬಂದವರೆಲ್ಲ ಅವಳನ್ನು ಜಗಳಗಂಟಿ ಎಂದೇ ನೆನೆದರು. ಯಾವ ಜಗಳ, ಯಾಕೆ ಜಗಳ ಎಂದು ಒಬ್ಬನೂ ಬಾಯಿ ಬಿಡಲಿಲ್ಲ. ಬಿಡುವುದು ಹೇಗೆ? ಆಗ ಶಾಲೆಯ ಕಟ್ಟೆಯ ಮೇಲೆ ಕೂತು ನಕ್ಕವರು ಅವರೇ.

ಅವಳ ಮಗ ಅಲ್ಲಾಭಕ್ಷ್ ಹುಟ್ಟು ಮೂಗ. ಕಿವಿ ಚುರುಕು, ನಾಲಿಗೆ ಮಾತ್ರ ಹೊರಳುತ್ತಿರಲಿಲ್ಲ. ಅಕ್ಷರವೆಂದರೆ ಅವನಿಗೆ ಪ್ರಾಣ. ನಿಜಾಮನ ಆಳಿಕೆಯ ಫಸಲಿ ೧೩೪೮ರಲ್ಲಿ, ಅಂದರೆ ೧೯೩೮-೩೯ರ ಸುಮಾರಿಗೆ, ಮಕ್ತುಂಬೀ ಅವನನ್ನು ಶಾಲೆಗೆ ಹಚ್ಚಿದಳು. ಹೆಸರು ಕೂಗಿದಾಗ ಹುಡುಗರು ‘ಹಾಜರ್’ ಅನ್ನಬೇಕು. ಇವನು ಕೈ ಎತ್ತುತ್ತಿದ್ದ. ಮಾಸ್ತರ ಅವನನ್ನು ನೋಡಿಯೇ ‘ಗೈರ್‌ಹಾಜರ್’ ಎಂದು ಬರೆಯುತ್ತಿದ್ದ. ಬರೆದು, ಅದೇ ಹುಡುಗನ ಕೈಗೆ ಕೊಡ ಕೊಟ್ಟು ನೀರು ತರಲು ಕಳಿಸುತ್ತಿದ್ದ!

ಇದು ತಿಳಿದ ದಿನ ಮಕ್ತುಂಬೀ ಬಳೆಯ ಮಲಾರ ಹೆಗಲ ಮೇಲಿದ್ದಂತೆಯೇ ಶಾಲೆಗೆ ನುಗ್ಗಿದಳು.

“ಮಾಸ್ತರ್ರ, ಕೈ ಎತ್ತಿದ್ದು ಕಾಣಂಗಿಲ್ಲೇನ್ರಿ?”

“ಬಾಯಿಲೆ ಅನ್ನಬೇಕು ಬೇ. ಕಾಯಿದೆ ಐತಿ.”

“ಹಂಗಾದ್ರ ಅವನ ಬದ್ಲಿ ನಾ ಅಂತೀನಿ.”

ಮರುದಿನದಿಂದ ಅವಳು ಕಿಟಕಿಯ ಹೊರಗೆ ನಿಂತು, ಮಗನ ಹೆಸರು ಬಂದ ಕೂಡಲೇ “ಹಾಜರ್!” ಎಂದು ಕೂಗಿದಳು. ಕಟ್ಟೆಯ ಮೇಲಿನವರಿಗೆ ಹಬ್ಬ.

“ಮಕ್ತುಂಬೀ, ಯಾವ ಜಮಾತ್ ಓದಾಕತ್ತೀ ಬೇ ನೀ?”

“ನಿಮಗ ನಾಚಿಕಿ ಕಲಿಸೋ ಜಮಾತ್!”

ಮಾಸ್ತರ ಕಿಟಕಿ ಮುಚ್ಚಿಸಿದ. ನಲವತ್ತು ದಿನ ಗೈರ್‌ಹಾಜರ್ ಎಂದು ವರದಿ ಕಳಿಸಿ, ಹುಡುಗನ ಹೆಸರನ್ನೇ ಹೊಡೆದುಹಾಕಿದ.

ಹೆಸರು ತಿರುಗಿ ಹಚ್ಚಿಸಲೇಬೇಕೆಂದು ಅವಳು ಮಗನ ಹೆಸರಿನಲ್ಲಿ ಅರ್ಜಿ ಬರೆಸಿಕೊಂಡು, ಅವನೊಂದಿಗೆ ಬಂಡಿ ಹತ್ತಿ ಲಿಂಗಸುಗೂರಿಗೆ ಹೋದಳು. ಶಾಲೆಗಳ ತನಿಖೆಯ ಸಾಹೇಬ ವರದಿ ತೆರೆದ.

“ಹುಡುಗ ಶಾಲಿಗೇ ಬಂದಿಲ್ಲ ಅಂತ ಐತಲ್ಲ?”

“ದಿನಾ ಹೋಗ್ಯಾನ್ರಿ ಸಾಹೇಬ್ರ. ಬೇಕಂದ್ರ ಏನರ ಬರಿಯಾಕ ಹೇಳ್ರಿ.”

ಸಾಹೇಬ ಉರ್ದುವಿನಲ್ಲಿ ಎರಡು ಸಾಲು ಹೇಳಿದ. ಹುಡುಗ ಒಂದು ತಪ್ಪಿಲ್ಲದೆ ಪಾಟಿಯ ಮೇಲೆ ಬರೆದ. “ವಾಹ್, ಅಕ್ಷರ ಭಾಳ ಛಲೋ ಅದಾವು” ಎಂದ ಸಾಹೇಬ, ಅರ್ಜಿಯ ಮೇಲೆ ‘ನಾಮಂಜೂರು’ ಎಂದು ಬರೆದ.

ಹೊರಗೆ ಜವಾನ ಪಂಪಣ್ಣ ಅರ್ಜಿಗಳನ್ನು ವಾಪಸು ಕೊಡುತ್ತ ಕೂಗಿದ, “ಅಲ್ಲಾಭಕ್ಷ್!”

ಹುಡುಗ ಕೈ ಎತ್ತಿದ. ಪಂಪಣ್ಣ ಕಾಗದವನ್ನು ಆ ಕೈಯಲ್ಲಿಟ್ಟು ಮುಂದಿನ ಹೆಸರು ಕೂಗಿದ. ಅಷ್ಟೇ.

ಮಕ್ತುಂಬೀ ಕಾಗದ ಕಸಿದುಕೊಂಡು ಮತ್ತೆ ಒಳಗೆ ನುಗ್ಗಿದಳು. “ಸಾಹೇಬ್ರ, ನಿಮ್ಮ ಜವಾನಗ ತಿಳಿದದ್ದು ನಿಮಗ್ಯಾಕ ತಿಳಿವಲ್ದು?”

ಸಾಹೇಬ ಗಂಟೆ ಬಾರಿಸಿದ. ಅವಳನ್ನು ಹೊರಗೆ ಹಾಕಲು ಬಂದವನೂ ಪಂಪಣ್ಣನೇ. “ನಡಿಯವ್ವಾ, ನನ್ನ ನೌಕರಿ ಹೊಕ್ಕೈತಿ” ಎಂದು ಗೋಗರೆದ. ಅವನ ಸಲುವಾಗಿ ಅವಳು ಹೊರಬಂದಳು.

ಅಲ್ಲಾಭಕ್ಷ್ ಮತ್ತೆ ಯಾವ ಶಾಲೆಯ ಹೊಸ್ತಿಲನ್ನೂ ತುಳಿಯಲಿಲ್ಲ. ಮಕ್ತುಂಬೀಯ ಕಡೆಗಾಲಕ್ಕೆ ಮನೆಯವರು, “ಎಲ್ಲಾರ್ನೂ ಮಾಫ್ ಮಾಡಿ ಹೋಗಬೇ” ಎಂದರು. ಮಕ್ತುಂಬೀ ಎಲ್ಲರನ್ನೂ ಮಾಫ್ ಮಾಡಿದಳು, ಆ ಮಾಸ್ತರನನ್ನೂ ಆ ಸಾಹೇಬನನ್ನೂ ಬಿಟ್ಟು.