ಪೆನ್ಸಿಲ್ಲಿನಲ್ಲಿ ಬರೆದಿದ್ದ ಎರಡು ಪದ

ಮೊದಲೇ ಹೇಳಿಬಿಡುತ್ತೇನೆ, ಇಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಕನಸಿನಲ್ಲಿ ಕಂಡದ್ದು ನಿಜವಾಯಿತು, ಹಲ್ಲಿ ಲೊಚಗುಟ್ಟಿದ್ದಕ್ಕೆ ಪ್ರಯಾಣ ಬಿಟ್ಟು ಬದುಕಿಕೊಂಡೆ ಎಂದು ಯಾರಾದರೂ ಹೇಳಿದರೆ ಅವರ ಮುಖದ ಮುಂದೆಯೇ ನಗುತ್ತಿದ್ದೆ. ನಮ್ಮ ಶಾಲೆಯ ಹಿಂದಿ ಟೀಚರು ಒಮ್ಮೆ ಅಂಥದ್ದೇನೋ ಹೇಳಹೋಗಿ, ನನ್ನ ನಗು ನೋಡಿ ಅರ್ಧಕ್ಕೇ ನಿಲ್ಲಿಸಿದ್ದರು. ಏನು ಹೇಳಬೇಕೆಂದಿದ್ದರೋ, ಈಗ ಕೇಳೋಣವೆಂದರೆ ಅವರಿಗೆ ವರ್ಗವಾಗಿದೆ.

ಆದರೆ ನನಗೂ ಒಂದು ಹುಚ್ಚಿತ್ತು. ಆಕಸ್ಮಿಕವಾಗಿ ಒಳ್ಳೆಯದಾದ ಕಥೆಗಳ ಪುಸ್ತಕ ಎಲ್ಲಿ ಕಂಡರೂ ಬಿಡುತ್ತಿರಲಿಲ್ಲ. ಬೂಷ್ಟು ಹಿಡಿದು ಕೆಟ್ಟ ತಟ್ಟೆಯಿಂದ ಔಷಧಿ ಸಿಕ್ಕಿದ್ದು, ಒಂದನ್ನು ಹುಡುಕಹೋದವನಿಗೆ ಅದಕ್ಕಿಂತ ದೊಡ್ಡದು ಸಿಕ್ಕಿದ್ದು, ದಾರಿ ತಪ್ಪಿದವನೇ ಹೊಸ ಊರು ಕಂಡದ್ದು. ಜಹೀರಾಬಾದಿನ ನನ್ನ ಮನೆಯಲ್ಲಿ ಒಂದು ಕಪಾಟು ಪೂರ್ತಿ ಇವೇ ಇದ್ದವು. ನಾನು ಕಲಿಸುವುದು ಮೊಗುಡಂಪಲ್ಲಿ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ. ವಾರಕ್ಕೊಂದು ಕಥೆ ಮಕ್ಕಳಿಗೆ ಹೇಳಿ, ಕೊನೆಗೆ ತಪ್ಪದೆ ಒಂದು ಮಾತು ಸೇರಿಸುತ್ತಿದ್ದೆ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ಕಾಗೆ ಕೂರದೆ ಬಿದ್ದ ಹಣ್ಣುಗಳನ್ನು ಯಾರೂ ಎಣಿಸಿಲ್ಲ, ಅದಕ್ಕೇ ನಮಗೆ ಸೋಜಿಗ, ಇದರಲ್ಲಿ ಬೇರೆ ಯಾರ ಕೈಯೂ ಇಲ್ಲ ಎಂದು.

ಕೆಲವು ವರ್ಷದ ಹಿಂದೆ, ಬೇಸಿಗೆಯ ಹೊತ್ತಿನಲ್ಲಿ, ಉತ್ತರ ಪತ್ರಿಕೆ ತಿದ್ದುವ ಕೆಲಸಕ್ಕೆ ನನ್ನನ್ನು ನಾರಾಯಣಖೇಡಕ್ಕೆ ಹಾಕಿದ್ದರು. ಕೊನೆಯ ದಿನ ಕೆಲಸ ಬೇಗ ಮುಗಿದು ಮಧ್ಯಾಹ್ನ ಎರಡೂವರೆಗೆಲ್ಲ ಬಸ್‌ ಸ್ಟ್ಯಾಂಡಿಗೆ ಬಂದೆ. ಜಹೀರಾಬಾದಿನ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಮುಂದಿನದಕ್ಕೆ ಒಂದು ತಾಸು. ಬಿಸಿಲಿನಲ್ಲಿ ನಿಲ್ಲಲಾರದೆ ರಸ್ತೆ ದಾಟಿದೆ. ಅಲ್ಲಿ ತೊಗರಿ ಕೊಂಡು ಮಾರುವ ಅಡತಿ ಅಂಗಡಿಯ ಮಾಳಿಗೆಯ ಮೇಲೆ ಒಂದು ವಾಚನಾಲಯ. ಸಂಗಪ್ಪ ಎಂಬ ಹಿರಿಯರು ತಮ್ಮ ಖುಷಿಗೆ ನಡೆಸುತ್ತಿದ್ದುದು. ಅಲ್ಲಿಗೆ ನಾನು ಹೋದದ್ದು ಅದೇ ಮೊದಲು.

ಮೇಲೆ ಹೋದಾಗ ಸಂಗಪ್ಪನವರು ನೆಲದ ಮೇಲೆ ಕೂತು ಪುಸ್ತಕದ ಒಂದು ದೊಡ್ಡ ಗಂಟಿನ ಹಗ್ಗ ಬಿಚ್ಚಲು ಒದ್ದಾಡುತ್ತಿದ್ದರು.

"ಬರ್ರಿ ತಾಯೀ, ಕೂಡ್ರಿ. ಧಾರೂರಿನ ಒಬ್ಬ ಹೆಡ್‌ಮಾಸ್ತರು ತೀರಿಕೊಂಡ್ರು. ಅವರ ಮಗಳು ಈ ಗಂಟು ಕಳಿಸ್ಯಾಳ. ರಾತ್ರಿ ಬಂದದ, ಇನ್ನಾ ಬಿಚ್ಚಿಲ್ಲ ನೋಡ್ರಿ" ಎಂದರು.

ನಾನೂ ಕೂತು ಗಂಟು ಬಿಚ್ಚಲು ಕೈ ಹಾಕಿದೆ. ಬಹಳಷ್ಟು ಉರ್ದು ಪುಸ್ತಕಗಳು, ಕೆಲವು ಇಂಗ್ಲಿಷು. ಮಧ್ಯದಲ್ಲಿ ರಕ್ಷಾಪುಟ ಹರಿದ ಒಂದು ಇಂಗ್ಲಿಷ್ ಪುಸ್ತಕ. ಎರಡು ಸಾಲು ಓದುತ್ತಲೇ ಗೊತ್ತಾಯಿತು, ನನ್ನ ಹುಚ್ಚಿನದೇ ವಿಷಯ. ಇವತ್ತು ಬಸ್ಸು ತಪ್ಪಿದ್ದೇ ಒಳ್ಳೆಯದಾಯಿತು ಎಂದು ಸಂಗಪ್ಪನವರಿಗೆ ಹೇಳಿದ್ದು ನೆನಪಿದೆ. ಖುಷಿಯಾಗಿಯೇ ಹೇಳಿದ್ದೆ.

ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಓದತೊಡಗಿದೆ. ಗಣಿಯಲ್ಲಿ ಕೈಜಾರಿ ಬಿದ್ದ ಸುತ್ತಿಗೆ ಹುಡುಕಲು ಕೆಳಗಿಳಿದವನಿಗೆ ತಾಮ್ರದ ಹೊಸ ಪದರ ಸಿಕ್ಕ ಕಥೆಯಿತ್ತು. ಪುಟ ತಿರುಗಿಸಿದೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ, ಕನ್ನಡದಲ್ಲಿ, ಎರಡು ಪದ ಬರೆದಿತ್ತು.

"ಅಕ್ಕ, ಇಳಿಯಬೇಡ."

ಯಾರೋ ಏನೋ ಗೀಚಿದ್ದಾರೆ ಎಂದು ಮುಂದೆ ಹೋಗಬಹುದಿತ್ತು. ಆದರೆ ಅದು ನನ್ನ ಅಕ್ಷರ. ನನ್ನ ಅಕ್ಷರದ ಹಾಗಿತ್ತು ಎಂದಲ್ಲ, ನನ್ನದೇ. ನಾನು ಳ ಬರೆಯುವಾಗ ಅದರ ಬಾಲವನ್ನು ಸಾಲಿನ ಕೆಳಗೆ ಎಳೆದು ಎಡಕ್ಕೆ ಸುತ್ತುತ್ತೇನೆ. ಇದಕ್ಕಾಗಿ ಚಿಕ್ಕಂದಿನಲ್ಲಿ ಪೆಟ್ಟು ತಿಂದರೂ ಹೋಗದ ಚಾಳಿ. ಆ ಳ ಅಲ್ಲಿತ್ತು. ಪದದ ಮೇಲೆ ಬೆರಳಾಡಿಸಿದೆ. ಪೆನ್ಸಿಲ್ಲಿನ ಪುಡಿ ಬೆರಳಿಗೆ ಹತ್ತಿತು.

ಆ ಕ್ಷಣದ ಹೆದರಿಕೆಯನ್ನು ಹೇಗೆ ಹೇಳಲಿ? ಹೊರಗೆ ಬಿಸಿಲು ಸುಡುತ್ತಿತ್ತು, ಕೆಳಗೆ ಹಮಾಲರು ಗಟ್ಟಿಯಾಗಿ ಮಾತಾಡುತ್ತಿದ್ದರು, ನಾನು ಚೀಲ ತಡಕಿ ಪೆನ್ಸಿಲ್ಲು ಹುಡುಕುತ್ತಿದ್ದೆ. ನನ್ನ ಚೀಲದಲ್ಲಿದ್ದದ್ದು ತಿದ್ದುವ ಕೆಂಪು ಪೆನ್ನು ಒಂದೇ. ಗಂಟು ಬಿಚ್ಚಿದ್ದು ನನ್ನ ಮುಂದೆ. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತೆ. ತಿರುಗಿ ತೆರೆದು ನೋಡುವ ಧೈರ್ಯವಾಗಲಿಲ್ಲ.

ನನಗೆ ಇರುವವಳು ಒಬ್ಬಳೇ ಅಕ್ಕ, ಶಾಂತಕ್ಕ. ತಾಂಡೂರಿನಲ್ಲಿದ್ದಾಳೆ. ಭಾವ ಅಲ್ಲಿಯ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಆ ವರ್ಷವೇ ಒಂದು ಹಳೆಯ ಮನೆ ಕೊಂಡು, ಅದರಲ್ಲೇ ಇದ್ದುಕೊಂಡು ರಿಪೇರಿ ಮಾಡಿಸುತ್ತಿದ್ದರು. ಅಕ್ಕನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮೂರು ಸಲ ಮಾಡಿದೆ. ನಾಲ್ಕನೆಯ ಸಲ ಮಾಡುವ ಮುಂಚೆ ನಾಚಿಕೆಯಾಯಿತು. ಮಕ್ಕಳಿಗೆ ಅಷ್ಟೆಲ್ಲ ಹೇಳುವವಳು ಗೀಚಿದ ಎರಡು ಪದಕ್ಕೆ ಅಂಜಿದೆನೇ? ಫೋನನ್ನು ಚೀಲಕ್ಕೆ ಹಾಕಿದೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಎರಡು ನಿಮಿಷವೋ ಐದು ನಿಮಿಷವೋ. ಆಮೇಲೆ ಆ ಐದು ನಿಮಿಷವನ್ನು ನೆನೆದು ಎಷ್ಟೋ ಸಲ ಬೆವರಿದ್ದೇನೆ. ಕೊನೆಗೆ ತಡೆಯಲಾಗದೆ ಅಕ್ಕನ ಪಕ್ಕದ ಮನೆಯ ಮೆಹರ್ ಆಪಾಗೆ ಫೋನು ಮಾಡಿದೆ. ಅವರು ಬಟ್ಟೆ ಹೊಲಿಯುವವರು, ಸದಾ ಮನೆಯಲ್ಲೇ ಇರುತ್ತಾರೆ.

"ಆಪಾ, ನಮ್ಮಕ್ಕ ಫೋನ್ ಎತ್ತವಲ್ಲಳು. ಜರಾ ಹೋಗಿ ನೋಡ್ರಿ."

"ಮುಂಜಾನಿ ನೋಡೀನಲ್ಲ ತಂಗಿ, ಛಲೋ ಅದಾಳ. ಮಷೀನಿನಾಗ ಬಟ್ಟಿ ಅದ. ಆಮ್ಯಾಲ ಹೋಗ್ತೀನಿ."

"ಆಮ್ಯಾಲ ಬ್ಯಾಡ್ರಿ, ಈಗ ಹೋಗ್ರಿ. ಹೋಗಿ ಇಳಿಬ್ಯಾಡ ಅಂತ ಹೇಳ್ರಿ."

"ಎಲ್ಲಿ ಇಳಿಬ್ಯಾಡ?"

"ನನಗ ಗೊತ್ತಿಲ್ರಿ ಆಪಾ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ನನ್ನ ದನಿಯಲ್ಲಿ ಅವರಿಗೆ ಏನು ಕೇಳಿಸಿತೋ, ಎದ್ದೇಬಿಟ್ಟರು. ಅವರ ಚಪ್ಪಲಿ ಸದ್ದು, ಬಾಗಿಲು ದೂಡಿದ್ದು, "ಶಾಂತಾ! ಏ ಶಾಂತಾ!" ಎಂದು ಕೂಗಿದ್ದು ಎಲ್ಲ ಫೋನಿನಲ್ಲಿ ಕೇಳುತ್ತಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಮ್ಮೆಲೇ "ಅರೇ, ಎಲ್ಲಿ ಇಳ್ಯಾಕತ್ತಿ! ಮ್ಯಾಲ ಬಾ! ಮ್ಯಾಲ ಬಾ ಅಂದ್ರ!" ಎಂಬ ಚೀರಾಟ. ಏನೋ ದಡ್ಡೆಂದು ಬಿದ್ದ ಸದ್ದಾಗಿ ಫೋನು ಕಟ್ಟಾಯಿತು.

ಮತ್ತೆ ಮಾಡಿದರೆ ಆಪಾರ ಫೋನು ಸ್ವಿಚ್ ಆಫ್. ಅಕ್ಕನ ಫೋನು ರಿಂಗಾಗುತ್ತಲೇ ಇತ್ತು. ತಾಂಡೂರು ನನ್ನಿಂದ ಎರಡು ಬಸ್ಸು ದೂರ. ನಾನು ಅಳುತ್ತಿದ್ದೆನಂತೆ, ಸಂಗಪ್ಪನವರು ಆಮೇಲೆ ಹೇಳಿದರು. ಅವರು ನೀರು ತಂದುಕೊಟ್ಟು ಎದುರಿಗೆ ಕೂತರು.

ಕಾಲು ತಾಸಿನ ನಂತರ ಅಕ್ಕನೇ ಫೋನು ಮಾಡಿದಳು. ಅವಳ ದನಿಯಲ್ಲಿ ಸಿಟ್ಟಿತ್ತು.

"ನಿನಗ ಯಾರು ಹೇಳಿದ್ರು? ನಿನಗ ಹ್ಯಾಂಗ ಗೊತ್ತಾತು?"

ನಡೆದದ್ದು ಇಷ್ಟು. ಆ ದಿನ ಬೆಳಿಗ್ಗೆ ಮನೆ ರಿಪೇರಿಯ ಗೌಂಡಿ ಪಡಸಾಲೆಯ ನೆಲಕ್ಕೆ ಹಾಸಿದ್ದ ಪರಸಿ ಕಲ್ಲು ಕೀಳುವಾಗ ಕೆಳಗೆ ಒಂದು ಹಗೇವು ಕಂಡಿತು. ಹಿಂದಿನ ಕಾಲದಲ್ಲಿ ಜೋಳ ತುಂಬಿಡಲು ನೆಲದಡಿ ತೋಡುತ್ತಿದ್ದ ಗುಂಡಿ. ಎಷ್ಟು ವರ್ಷದಿಂದ ಮುಚ್ಚಿತ್ತೋ, ಮನೆ ಮಾರಿದವರಿಗೂ ಅದರ ಸುದ್ದಿ ಗೊತ್ತಿರಲಿಲ್ಲ. ಗೌಂಡಿ ಊಟಕ್ಕೆ ಹೋದ. ಅಕ್ಕ ಬಗ್ಗಿ ನೋಡಿದರೆ ತಳದಲ್ಲಿ ಹಿತ್ತಾಳೆ ಕೊಡದ ಬಾಯಿಯ ಹಾಗೆ ಏನೋ ಹೊಳೆಯಿತು. ಆಸೆ ತಡೆಯದೆ ನಿಚ್ಚಣಿಕೆ ಇಳಿಬಿಟ್ಟು ಇಳಿಯತೊಡಗಿದಳು. ಸೊಂಟದ ತನಕ ಇಳಿದಿದ್ದಾಗ ಮೆಹರ್ ಆಪಾ ಬಂದು, ಕೈಯಲ್ಲಿದ್ದ ಫೋನು ಬಿಸಾಡಿ ಅವಳ ರಟ್ಟೆ ಹಿಡಿದು ಮೇಲಕ್ಕೆಳೆದರು. ಫೋನು ಹಗೇವಿನೊಳಗೆ ಬಿತ್ತು.

ಗೌಂಡಿ ಬಂದು ಬೈದನಂತೆ. ಬಕೆಟ್ಟಿನಲ್ಲಿ ದೀಪ ಹಚ್ಚಿಟ್ಟು ಹಗ್ಗ ಕಟ್ಟಿ ಇಳಿಬಿಟ್ಟ. ಒಂದಾಳು ಆಳಕ್ಕೆ ಹೋಗುತ್ತಲೇ ದೀಪ ಆರಿತು. ಮತ್ತೆ ಹಚ್ಚಿ ಬಿಟ್ಟ, ಮತ್ತೆ ಅಲ್ಲೇ ಆರಿತು. ವಿಷಗಾಳಿ. ಇನ್ನು ನಾಲ್ಕು ಮೆಟ್ಟಿಲು ಇಳಿದಿದ್ದರೆ ಅಕ್ಕ ಕೂಗುವುದಕ್ಕೂ ಆಗದೆ ಕುಸಿಯುತ್ತಿದ್ದಳು. ಹುಡುಕಿಕೊಂಡು ಇಳಿದವರೂ ಹಾಗೇ.

ಮರುದಿನ ತಾಂಡೂರಿಗೆ ಹೋದೆ. ಮನೆಯ ತುಂಬ ಜನ. ಎಲ್ಲರಿಗೂ ಸಂಭ್ರಮ. ಅಕ್ಕನ ನಸೀಬು ಗಟ್ಟಿ ಎಂದು ಒಬ್ಬರು, ತಂಗಿಯ ಕರುಳು ಎಂದು ಇನ್ನೊಬ್ಬರು. ಸಂಗಪ್ಪನವರನ್ನು ಕೇಳಿ ತಂದಿದ್ದ ಆ ಪುಸ್ತಕ ತೋರಿಸಿದೆ. ಭಾವ ಕನ್ನಡಕ ಹಾಕಿಕೊಂಡು ನೋಡಿ, "ಇದು ನಿನ್ನ ಅಕ್ಷರನ ಅಲ್ಲೇನವ್ವಾ? ಆಮ್ಯಾಲ ಬರದು ನಮ್ಮನ್ನ ಅಂಜಸಾಕತ್ತಿ" ಎಂದು ನಕ್ಕರು. ಹಿಂದಿ ಟೀಚರನ್ನು ನೋಡಿ ನಾನು ನಕ್ಕ ಹಾಗೆಯೇ ಇತ್ತು ಅದು.

ಆದರೆ ನನ್ನ ಹೆದರಿಕೆ ಅಕ್ಕ ಉಳಿದ ಮೇಲೂ ಹೋಗಲಿಲ್ಲ, ಹೆಚ್ಚಾಯಿತು. ತಿಂಗಳು ಕಳೆದ ಮೇಲೆ ಧಾರೂರಿಗೆ ಹೋಗಿ ಹೆಡ್‌ಮಾಸ್ತರರ ಮಗಳನ್ನು ಕಂಡೆ. ತಂದೆಗೆ ಕನ್ನಡ ಓದಲು ಬರೆಯಲು ಬರುತ್ತಿರಲಿಲ್ಲ, ಪುಸ್ತಕಗಳ ಪೆಟ್ಟಿಗೆಯ ಬೀಗದ ಕೈ ಅವರ ಬಳಿಯೇ ಇರುತ್ತಿತ್ತು ಎಂದರು. ಅಕ್ಷರ ನೋಡಿ ತಲೆಯಾಡಿಸಿದರು. ವಾಚನಾಲಯದಲ್ಲಿ ನನಗೇ ತಿಳಿಯದಂತೆ ನಾನೇ ಬರೆದೆನೇ ಎಂದೂ ಯೋಚಿಸಿದ್ದೇನೆ. ಸಂಗಪ್ಪನವರು ಪೂರ್ತಿ ಹೊತ್ತು ಎದುರಿಗಿದ್ದರು, ಹಾಗೇನೂ ನೋಡಲಿಲ್ಲ ಎನ್ನುತ್ತಾರೆ. ಬರೆದೆನೆಂದೇ ಇಟ್ಟುಕೊಳ್ಳಿ, ಹಗೇವಿನ ಸುದ್ದಿಯೇ ಗೊತ್ತಿಲ್ಲದ ನನ್ನ ಕೈಗೆ ಅದು ಹೇಗೆ ಗೊತ್ತಾಯಿತು?

ಇನ್ನೊಂದು ಮಾತು ಹೇಳಬೇಕು. ಆ ಪುಟದಿಂದ ಮುಂದೆ ನಾನು ಪುಸ್ತಕವನ್ನು ತೆರೆಯಲಿಲ್ಲ. ಮುಂದಿನ ಪುಟಗಳಲ್ಲೂ ನನ್ನ ಅಕ್ಷರ ಇದ್ದರೆ? ಓದಲು ಭಯ, ಓದದೆ ಬಿಟ್ಟು ಯಾರಿಗಾದರೂ ಏನಾದರೂ ಆದರೆ ಎಂಬುದು ಇನ್ನೂ ದೊಡ್ಡ ಭಯ. ನಿದ್ದೆ ಕೆಟ್ಟಿತು. ಪಾಠ ಮಾಡುವಾಗ ಬೋರ್ಡಿನ ಮೇಲೆ ನಾನೇ ಬರೆದ ಳ ನೋಡಿ ಬೆಚ್ಚುತ್ತಿದ್ದೆ. ಕಡೆಗೆ ಪುಸ್ತಕ ತೆಗೆದುಕೊಂಡು ತಾಂಡೂರಿಗೆ ಹೋಗಿ ಅಕ್ಕನ ಮುಂದೆ ಹೇಳಿಕೊಂಡೆ.

"ಕೊಡು ಇಲ್ಲಿ, ನಾ ನೋಡ್ತೀನಿ. ಏನ್ ಮಹಾ" ಎಂದು ಪುಸ್ತಕ ಕಿತ್ತುಕೊಂಡು ಒಳಗೆ ಹೋದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಪುಟ ತಿರುಗಿಸುವ ಸದ್ದು ಕೇಳುತ್ತಿತ್ತು. ಒಂದು ಕಡೆ ಆ ಸದ್ದು ನಿಂತಿತು. ಎಷ್ಟೋ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಹೊರಗೆ ಬಂದಾಗ ಪುಸ್ತಕ ಅವಳ ಕೈಯಲ್ಲಿರಲಿಲ್ಲ.

"ಏನೂ ಇಲ್ಲ. ಖಾಲಿ ಅದ" ಎಂದಳು. "ನಾ ಇಟ್ಟುಕೋತೀನಿ. ನೀ ಅದರ ಸುದ್ದಿಗೆ ಹೋಗಬ್ಯಾಡ."

ನಾನು ಒತ್ತಾಯ ಮಾಡಲಿಲ್ಲ. ಆದರೆ ಅಂದಿನಿಂದ ಅಕ್ಕ ದಿನಾ ಸಂಜೆ, ಶಾಲೆ ಬಿಡುವ ಹೊತ್ತಿಗೆ, ನನಗೆ ಫೋನು ಮಾಡುತ್ತಾಳೆ. ಒಂದು ದಿನವೂ ತಪ್ಪಿಸಿಲ್ಲ. ಆರಾಮ ಅದೀಯೇನು ಎಂದು ಕೇಳುವುದಿಲ್ಲ, ಊಟ ಆತೇನು ಎಂದೂ ಕೇಳುವುದಿಲ್ಲ. ಅವಳು ಕೇಳುವುದು ಒಂದೇ.

"ಮನಿಗೆ ಯಾವ ದಾರಿಲಿಂದ ಹೊಂಟಿ?"

ಹೇಳುತ್ತೇನೆ. ಆ ಕಡೆ ಪುಟ ತಿರುಗಿಸುವ ಸದ್ದು ಕೇಳುತ್ತದೆ, ಆಮೇಲೆ "ಹೂಂ, ಹೋಗು" ಎನ್ನುತ್ತಾಳೆ. ಎರಡು ಸಲ ಮಾತ್ರ "ಇವತ್ತು ಆ ದಾರಿ ಬ್ಯಾಡ" ಎಂದಿದ್ದಾಳೆ. ಎರಡೂ ಸಲ ನಾನು ಬಸ್ಸಿನಿಂದ ಇಳಿದು ಬೇರೆ ದಾರಿ ಹಿಡಿದು ಮನೆಗೆ ಬಂದಿದ್ದೇನೆ. ಯಾಕೆ ಎಂದು ಈವರೆಗೆ ಕೇಳಿಲ್ಲ.