ಪೊಟ್ಯಾಸಿಯಂನ ಹತ್ತೊಂಬತ್ತನೆಯ ಎಲೆಕ್ಟ್ರಾನು

ಲಕ್ಕವ್ವ ತಾಯಿಯ ಭಕ್ತರೇ, ಮನೆಯ ಮಾತನ್ನು ಹೊರಗೆ ಹೇಳುವವಳು ನಾನಲ್ಲ. ತಾಯಿಯ ಉಪಕಾರ ಬಚ್ಚಿಡಲಾರದೆ ಬರೆಯುತ್ತಿದ್ದೇನೆ.

ರಾಜ್ಯ ಒಂದಾಗಿ ಆರೇಳು ವರ್ಷವಾಗಿತ್ತು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಬಲೇಶ್ವರದ ಹೈಸ್ಕೂಲೊಂದರಲ್ಲಿ ಹಂಗಾಮಿ ಶಿಕ್ಷಕಿಯಾಗಿದ್ದೆ. ವಿಜಾಪುರದ ಜೋರಾಪುರ ಪೇಟೆಯಿಂದ ದಿನಾ ಬಸ್ಸು. ಶ್ರಾವಣದ ಒಂದು ದಿನ ಹಲಗೆಯ ಮೇಲೆ ಬರೆದೆ: ಪೊಟ್ಯಾಸಿಯಂ, ಪರಮಾಣು ಸಂಖ್ಯೆ ಹತ್ತೊಂಬತ್ತು. ಅಷ್ಟೇ ಪ್ರೋಟಾನು, ಅಷ್ಟೇ ಎಲೆಕ್ಟ್ರಾನು. ಕವಚಗಳಲ್ಲಿ ಎರಡು, ಎಂಟು, ಎಂಟು, ಒಂದು.

ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ತರರು ಮಕ್ಕಳೆದುರೇ ನಕ್ಕರು. “ಮೂರನೇ ಕವಚದಾಗ ಹದಿನೆಂಟು ಹಿಡೀತಾವ್ರಿ ಬಾಯಾರ. ನೆಲದಾಗ ಜ್ವಾಳಾ ತುಂಬೂ ಮುಂದ ಒಂದು ಹಗೇವು ತುಂಬದ ಇನ್ನೊಂದರ ಬಾಯಿ ತಗೀತಾರೇನು? ಎರಡು, ಎಂಟು, ಒಂಬತ್ತು ಬರೀರಿ. ಧಾರವಾಡದಾಗ ರಂಗೋಲಿ ಕಲತು ಬಂದೀರೇನು?”

ಉತ್ತರ ಗೊತ್ತಿತ್ತು. ನಾಲಿಗೆ ಏಳಲಿಲ್ಲ. ಅವರು ಹಲಗೆ ಒರೆಸಿ, ನನಗೆ ವಿಷಯಜ್ಞಾನವಿಲ್ಲವೆಂದು ಮೇಲಿನವರಿಗೆ ಬರೆದರು. ಸೋಮವಾರ ಇನ್ಸ್‌ಪೆಕ್ಟರರ ತಪಾಸಣೆ.

“ನೌಕರಿ ಹೋತಂದ್ರ ತಿಕೋಟಾದ ವರಗ ಹೂಂ ಅಂತೀನಿ,” ಎಂದರು ಅಪ್ಪ. ಆ ವರ ನನ್ನನ್ನು ನೋಡಲು ಬಂದಾಗ ನನ್ನೆದುರೇ, “ಕಲತಾಕಿ ಅಂದ್ರ ಬಾಯಿ ಜೋರ ಇರತೈತಿ ಅಂದಿದ್ದೆ. ಇಕಿಗೆ ಬಾಯೇ ಇಲ್ಲ, ಚಲೋ ಆತು,” ಎಂದಿದ್ದ.

ಸೋಮವಾರ ಬೆಳಿಗ್ಗೆ ನಮ್ಮ ಓಣಿಯ ಲಕ್ಕವ್ವನ ಗುಡಿಯಲ್ಲಿ ಕಾಯಿ ಒಡೆಸಿ, “ತಾಯಿ, ಸಮಾಧಾನ ಕೊಡು, ನಾಲ್ಕು ಮಾತಾಡಿಸು,” ಎಂದು ಬೇಡಿದೆ. ಬಸ್ಸಿನಲ್ಲಿ ಬಬಲೇಶ್ವರದ ತನಕ ನಿಂತೇ ಹೋದೆ. ಸಮಾಧಾನ ಬರಲಿಲ್ಲ, ಮೈಯೆಲ್ಲ ಸಿಟ್ಟೇ ಕುದಿಯಿತು. ತಾಯಿಗೂ ನಾನು ಬೇಡವಾದೆ ಅಂದುಕೊಂಡೆ.

ಇನ್ಸ್‌ಪೆಕ್ಟರರು ಹಿಂದಿನ ಬೆಂಚಿನಲ್ಲಿ ಕೂತರು. ಹೆಡ್‌ಮಾಸ್ತರರು ಮತ್ತೆ ಅದೇ ಹಗೇವಿನ ಮಾತು ತೆಗೆದರು. ಆಗ ನನ್ನ ಬಾಯಿಂದ ನಾನೇ ಕೇಳಿರದ ದನಿ ಬಂತು.

“ಪರಮಾಣು ನಿಮ್ಮ ಹಗೇವಲ್ರಿ ಸರ್. ಎಲೆಕ್ಟ್ರಾನು ಕಡಿಮಿ ಶಕ್ತಿ ಎಲ್ಲೈತಿ ಅಲ್ಲಿ ಹೋಗತೈತಿ. ಮೂರನೇದರಾಗ ಉಳದ ಜಾಗಾಕ್ಕಿಂತ ನಾಕನೇದರ ಮೊದಲನೇ ಜಾಗಾದ್ದು ಶಕ್ತಿ ಕಡಿಮಿ. ಹತ್ತೊಂಬತ್ತನೇದು, ಇಪ್ಪತ್ತನೇದು ಎರಡೂ ಅಲ್ಲೇ. ಇಪ್ಪತ್ತೊಂದನೇದರಿಂದ ಮೂರನೇ ಕವಚ ಮತ್ತ ತುಂಬಾಕ ಹತ್ತತೈತಿ. ನಿಮ್ಮ ಒಂಬತ್ತು ಖರೇ ಇದ್ರ, ಪೊಟ್ಯಾಸಿಯಂ ಸೋಡಿಯಂನಂಗ ಯಾಕ ನಡಕೋತೈತಿ, ಹೇಳ್ರಿ!”

ಸೀಮೆಎಣ್ಣೆಯ ಸೀಸೆಗಳಿಂದ ಎರಡು ಚೂರು ತೆಗೆದು ನೀರಿಗೆ ಹಾಕಿದೆ. ಎರಡು, ಎಂಟು, ಒಂದರ ಸೋಡಿಯಂ ಸುಯ್ಯೆಂದು ಓಡಾಡಿತು. ಪೊಟ್ಯಾಸಿಯಂ ನೇರಳೆ ಬೆಂಕಿಯಾಗಿ ಓಡಿತು. ಬಿಟ್ಟುಕೊಡಲು ಎರಡಕ್ಕೂ ಹೊರಗಿನದು ಒಂದೇ ಎಲೆಕ್ಟ್ರಾನು.

“ಮಾಸ್ತರ, ನೀವು ಕೂಡ್ರಿ,” ಎಂದರು ಇನ್ಸ್‌ಪೆಕ್ಟರರು. “ಬಾಯಾರ, ಪಾಠ ನಡೀಲಿ.”

ದಸರೆಗೆ ನೌಕರಿ ಖಾಯಂ ಆಯಿತು. ತಿಕೋಟಾಕ್ಕೆ ‘ಒಲ್ಲೆ’ ಎಂದು ನಾನೇ ಹೇಳಿಕಳಿಸಿದೆ. ಬಸ್ಸಿನಲ್ಲಿ ಕುದಿದದ್ದು ತಾಯಿಯ ಕೃಪೆಯೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹೆಡ್‌ಮಾಸ್ತರರನ್ನು ಇನ್ನೂ ಕ್ಷಮಿಸಿಲ್ಲ. ಅದನ್ನೂ ಆಕೆಗೆ ಹೇಳಿಯೇ ದೀಪ ಹಚ್ಚುತ್ತೇನೆ. ಆಕೆ ಒಮ್ಮೆಯೂ ಮುಖ ತಿರುಗಿಸಿಲ್ಲ.